ಡಿಕ್ಕಿಯಾದ ಕಾರನ್ನು ಹ್ಯಾಂಡ್ ಬ್ರೇಕ್ ಬಿಡಿಸದೆ ಎಳೆದರು, ಹಿಂದಿನ ಚಕ್ರ ಹಾಳಾಯ್ತು. ಖರ್ಚು ಯಾರದ್ದು?

ಹಾಸನ್_ಹೈವೇ
ಎಲ್ಲರಿಗೂ ನಮಸ್ಕಾರ. ನಮ್ಮ ಭಾವನ ಕಾರು ಹೋದ ವಾರ ಹಿರಿಸಾವೆ ದಾಟಿದ ಮೇಲೆ ಡಿಕ್ಕಿಯಾಯ್ತು. ಡಿವೈಡರ್ ಗ್ಯಾಪಿನಿಂದ ಗೂಡ್ಸ್ ಟೆಂಪೋ ಒಂದು ಸಡನ್ನಾಗಿ ಅಡ್ಡ ಬಂತು. ದೇವರ ದಯೆ, ಯಾರಿಗೂ ಪೆಟ್ಟಾಗಿಲ್ಲ. ಕಾರಿನ ಮುಂದಿನ ಎಡಭಾಗ ಪೂರ್ತಿ ಜಜ್ಜಿದೆ. ರೇಡಿಯೇಟರ್ ಒಡೆದಿದೆ, ಎಡ ಚಕ್ರ ಒಳಗೆ ಮಡಚಿಕೊಂಡಿದೆ, ಬ್ಯಾಟರಿ ಸತ್ತಿದೆ.

ಅವರು ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿ ಕಾಯುತ್ತಿದ್ದರು. ಅಷ್ಟರಲ್ಲಿ ಒಂದು ಕ್ರೇನ್ ಗಾಡಿ ಬಂದು ನಿಂತಿತು. ಯಾರು ಕರೆದರೋ ಗೊತ್ತಿಲ್ಲ. ಟ್ರಾಫಿಕ್ ಜಾಮ್ ಆಗುತ್ತಿದೆ, ಬೇಗ ತೆಗೆಯಬೇಕು ಅಂತ ಅವಸರ ಮಾಡಿ, ಮುಂದೆ ಚೈನ್ ಹಾಕಿ ಎತ್ತಿ ಹೊರಟೇಬಿಟ್ಟರು. ಕಾರು ಆಟೋಮ್ಯಾಟಿಕ್. ಹ್ಯಾಂಡ್ ಬ್ರೇಕ್ ಬಟನ್‌ದು. ಅದು ಹಾಕಿಯೇ ಇತ್ತು. ಬ್ಯಾಟರಿ ಇಲ್ಲದೆ ಬಿಡಲೂ ಆಗುವುದಿಲ್ಲ. ಭಾವ ಹೇಳಿದರೂ ಕೇಳಲಿಲ್ಲ. ಹಿಂದಿನ ಟೈರ್‌ನಿಂದ ಹೊಗೆ ಬಂದ ಮೇಲೆ ನಿಲ್ಲಿಸಿ, ಚಕ್ರದ ಕೆಳಗೆ ಚಿಕ್ಕ ಟ್ರಾಲಿ ಕೊಟ್ಟು ಹಾಸನಕ್ಕೆ ತಂದರು.

ಈಗ ಹಿಂದಿನ ಎರಡೂ ಟೈರ್ ಒಂದೇ ಕಡೆ ತಂತಿ ಕಾಣುವಷ್ಟು ಸವೆದಿವೆ. ಬೇರಿಂಗ್, ಬ್ರೇಕ್ ಕ್ಯಾಲಿಪರ್ ಕೂಡ ನೋಡಬೇಕು ಅಂತಾರೆ ಗ್ಯಾರೇಜಿನವರು. ವಿಮೆ ಕಂಪನಿಯ ಸರ್ವೇಯರ್ ಬಂದು, ಹಿಂದಿನದು ಡಿಕ್ಕಿಯಿಂದ ಆದದ್ದಲ್ಲ, ಅದನ್ನು ಕ್ಲೇಮಿಗೆ ಸೇರಿಸಲ್ಲ ಅಂದರು. ಕ್ರೇನ್‌ನವನು ಫೋನ್ ಎತ್ತುತ್ತಿಲ್ಲ. ಇದನ್ನು ಯಾರು ಕೊಡಬೇಕು? ಇಂಥ ಗಾಡಿಯನ್ನು ಸರಿಯಾಗಿ ಟೋ ಮಾಡಿಸೋದು ಹೇಗೆ? ಗೊತ್ತಿರುವವರು ಬಿಡಿಸಿ ಹೇಳಿ.

ಕೆಂಪುಗೂಡು
ಅಯ್ಯೋ. ಭಾವ ಹುಷಾರಾಗಿದ್ದಾರಲ್ವಾ, ಅದು ಮುಖ್ಯ.

ಟಾಪ್‌ಗೇರ್_ತಿಪಟೂರು
ಆಟೋಮ್ಯಾಟಿಕ್ ಗಾಡಿನ ಎಳೆದರು ಅಂದರೆ ಗೇರ್‌ಬಾಕ್ಸ್ ಹೋದ ಹಾಗೇ. ಮೊದಲು ಅದನ್ನು ಬಿಚ್ಚಿಸಿ ನೋಡಿಸಿ.

ಸ್ಪ್ಯಾನರ್_14
ಸುಮ್ನೆ ಹೆದರಿಸಬೇಡಿ ತಿಪಟೂರಿನವರೇ. ಮುಂಭಾಗ ಎತ್ತಿದ್ದಾರೆ ಅಂತ ಅವರೇ ಬರೆದಿದ್ದಾರೆ. ಈಗಿನ ಹ್ಯಾಚ್‌ಬ್ಯಾಕ್, ಸೆಡಾನ್, ಚಿಕ್ಕ ಎಸ್‌ಯುವಿ ಬಹುಪಾಲು ಮುಂದಿನ ಚಕ್ರದ ಡ್ರೈವ್, ಅಂದರೆ ಇಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಆ ಚಕ್ರಗಳೇ ಮೇಲಿದ್ದರೆ ಗೇರ್‌ಬಾಕ್ಸ್ ತಿರುಗುವುದೇ ಇಲ್ಲ. ಗೇರ್‌ಬಾಕ್ಸ್ ಹೋಗೋದು ಹಿಂಭಾಗ ಎತ್ತಿ ಮುಂದಿನ ಚಕ್ರ ನೆಲದ ಮೇಲೆ ಓಡಿಸಿದಾಗ. ಆಟೋಮ್ಯಾಟಿಕ್‌ನಲ್ಲಿ ಆಯಿಲ್ ಪಂಪನ್ನು ತಿರುಗಿಸುವುದು ಇಂಜಿನ್. ಇಂಜಿನ್ ನಿಂತಿದ್ದರೆ ಒಳಗೆ ಆಯಿಲ್ ಓಡಾಡುವುದಿಲ್ಲ. ಚಕ್ರ ಮಾತ್ರ ತಿರುಗುತ್ತಿದ್ದರೆ ಒಳಗಿನ ಭಾಗಗಳು ಒಣಗಿ ಉಜ್ಜಿ ಸುಟ್ಟುಹೋಗುತ್ತವೆ. ಸಿವಿಟಿಯಲ್ಲೂ (ಬೆಲ್ಟ್ ಇರುವ ಆಟೋಮ್ಯಾಟಿಕ್) ಅದೇ ಕಥೆ.

ನಿಮ್ಮ ಕೇಸಿನಲ್ಲಿ ನೋಡಬೇಕಾದದ್ದು ಹಿಂದಿನ ಡಿಸ್ಕ್, ಪ್ಯಾಡ್, ಕ್ಯಾಲಿಪರ್ ಮೋಟಾರ್, ವೀಲ್ ಬೇರಿಂಗ್. ಮುಂದೆ ಚೈನ್ ಎಲ್ಲಿಗೆ ಹಾಕಿದ್ದರು ಅಂತಲೂ ಕೇಳಿ. ಲೋವರ್ ಆರ್ಮ್‌ಗೆ (ಚಕ್ರವನ್ನು ಹಿಡಿದಿಡುವ ಕೆಳಗಿನ ತೋಳು) ಹಾಕಿದ್ದರೆ ಅದು ಬಗ್ಗಿರುತ್ತದೆ. ಕೂಲೆಂಟ್ ಸೋರಿದ ಮೇಲೆ ಯಾರಾದರೂ ಇಂಜಿನ್ ಸ್ಟಾರ್ಟ್ ಮಾಡಿ ನೋಡಿದರಾ? ಮಾಡಿಲ್ಲ ಅಂದರೆ ಒಳ್ಳೆಯದು.

ಹಾಸನ್_ಹೈವೇ
ಇಲ್ಲ ಸರ್, ಸ್ಟಾರ್ಟ್ ಮಾಡಿಲ್ಲ. ಚೈನ್ ಬಲಗಡೆ ಆರ್ಮ್‌ಗೇ ಹಾಕಿದ್ದು ಅನ್ನಿಸುತ್ತದೆ. ಭಾವ ವಿಡಿಯೋ ಮಾಡಿದ್ದಾರೆ, ನೋಡಿ ಹೇಳ್ತೀನಿ.

ವಿಮೆ_ವಿಚಾರ
ವಿಡಿಯೋ ಇದೆಯಾ? ಹಾಗಾದರೆ ಅದನ್ನು ಈಗಲೇ ಎರಡು ಕಡೆ ಕಾಪಿ ಮಾಡಿಡಿ. ಪ್ಲೀಸ್.

ಈಗ ಕ್ಲೇಮ್ ವಿಷಯ. ಸರ್ವೇಯರ್ ಬಾಯಲ್ಲಿ ಹೇಳಿದ್ದನ್ನು ಕೊನೆಯ ಮಾತು ಅಂತ ಒಪ್ಪಬೇಡಿ. ಪ್ಯಾಕೇಜ್ ಪಾಲಿಸಿಯ (ನಿಮ್ಮ ಗಾಡಿಯ ಹಾನಿಗೂ ಕೊಡುವ ಪಾಲಿಸಿ) ಮೊದಲ ಭಾಗ ತೆಗೆದು ಓದಿ. ಯಾವ ಯಾವ ಕಾರಣದಿಂದ ಹಾನಿಯಾದರೆ ಕೊಡುತ್ತೇವೆ ಅಂತ ಪಟ್ಟಿ ಇರುತ್ತದೆ. ಬೆಂಕಿ, ಕಳ್ಳತನ, ಪ್ರವಾಹ, ಹೊರಗಿನಿಂದಾದ ಅಪಘಾತ, ಇವೆಲ್ಲ. ಅದೇ ಪಟ್ಟಿಯಲ್ಲಿ ರಸ್ತೆ, ರೈಲು, ಒಳನಾಡು ಜಲಮಾರ್ಗ, ಲಿಫ್ಟ್, ವಿಮಾನದಲ್ಲಿ ಗಾಡಿಯನ್ನು ಸಾಗಿಸುವಾಗ ಆದ ಹಾನಿಯೂ ಇದೆ. ಡಿಕ್ಕಿಯಾದ ಗಾಡಿಯನ್ನು ಗ್ಯಾರೇಜಿಗೆ ಒಯ್ಯುವುದು ಸಾಗಣೆಯೇ ಅಲ್ವಾ? ನಾನಾಗಿದ್ದರೆ ಅದೇ ಸಾಲನ್ನು ಹಿಡಿದು ಇಮೇಲ್ ಬರೆಯುತ್ತಿದ್ದೆ.

ಆದರೆ ಅವರ ಕೈಯಲ್ಲೂ ಒಂದು ಷರತ್ತು ಇದೆ. ಅಪಘಾತದ ನಂತರ ಹಾನಿ ಜಾಸ್ತಿಯಾಗದ ಹಾಗೆ ಮಾಲೀಕ ಎಚ್ಚರ ವಹಿಸಬೇಕು, ರಿಪೇರಿಗೆ ಮುಂಚೆ ಗಾಡಿ ಓಡಿಸಿ ಹಾನಿ ಬೆಳೆದರೆ ಅದು ಮಾಲೀಕನ ತಲೆಗೆ, ಅಂತ. ನಿಮ್ಮ ಭಾವ ಓಡಿಸಿಲ್ಲ. ಬೇಡ ಅಂತ ಹೇಳಿದ್ದಾರೆ. ಆ ಮಾತು ವಿಡಿಯೋದಲ್ಲಿ ಕೇಳಿಸಿದರೆ ನಿಮ್ಮ ಕಡೆ ಬಲ ಬರುತ್ತದೆ.

ಟೈರಿನ ಬಗ್ಗೆ ಮಾತ್ರ ಆಸೆ ಕಡಿಮೆ ಇಟ್ಟುಕೊಳ್ಳಿ. ಟೈರ್ ಒಂದೇ ಹಾಳಾದರೆ ಸಾಮಾನ್ಯ ಪಾಲಿಸಿ ಕೊಡುವುದಿಲ್ಲ. ಅದೇ ಹೊತ್ತಿಗೆ ಗಾಡಿಗೂ ಹಾನಿಯಾಗಿದ್ದರೆ ಹೊಸ ಟೈರಿನ ಬೆಲೆಯ ಶೇ. 50ರವರೆಗೆ.

ಅರ್ಧಬೆಲೆ
ಝೀರೋ ಡೆಪ್ ಇದ್ದರೆ ಪೂರ್ತಿ ಸಿಗುತ್ತದೆ ಅಲ್ವಾ?

ವಿಮೆ_ವಿಚಾರ
ಟೈರಿಗೆ ಬಹಳ ಕಡೆ ಇಲ್ಲ. ಝೀರೋ ಡೆಪ್ ಅಂದರೆ ಬಂಪರ್, ಪ್ಲಾಸ್ಟಿಕ್, ಫೈಬರ್, ಲೋಹದ ಭಾಗಗಳಿಗೆ ಸವಕಳಿ ಕಳೆಯುವುದಿಲ್ಲ ಅಂತ. ಟೈರ್, ಟ್ಯೂಬ್, ಬ್ಯಾಟರಿಯನ್ನು ಹಲವು ಕಂಪನಿಗಳು ಹೊರಗೆ ಇಟ್ಟಿರುತ್ತವೆ. ಟೈರ್ ಕವರ್ ಅಂತ ಬೇರೆಯೇ ಮಾರುತ್ತಾರೆ.

ರಿಕವರಿ_ತುಮಕೂರು
ನಾನು ಈ ಲೈನಿನಲ್ಲೇ ಇರುವವನು. ಎರಡು ಗಾಡಿ ಇಟ್ಟುಕೊಂಡಿದ್ದೇನೆ, ಒಂದು ಫ್ಲಾಟ್‌ಬೆಡ್ (ಕಾರನ್ನು ಪೂರ್ತಿ ಮೇಲೆ ಹೊತ್ತು ಒಯ್ಯುವ ಗಾಡಿ), ಒಂದು ಕ್ರೇನ್. ಎಲ್ಲರೂ ಟೋಯಿಂಗ್‌ನವರನ್ನೇ ಬೈಯುತ್ತೀರಿ. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ಬಂದು ರಸ್ತೆ ಮಧ್ಯೆ ಮಲಗಿ ಕೊಕ್ಕೆ ಹಾಕುವವರು ನಾವು. ಹಿಂದಿನಿಂದ ಬಸ್ಸು ನೂರರಲ್ಲಿ ಬರುತ್ತಿರುತ್ತದೆ. ಗಾಡಿ ರಸ್ತೆ ಮೇಲಿದ್ದರೆ ಎರಡನೇ ಅಪಘಾತ ಗ್ಯಾರಂಟಿ. ಆಗ ಹ್ಯಾಂಡ್ ಬ್ರೇಕ್ ನೋಡಿಕೊಂಡು ಕೂರೋಕೆ ಆಗುತ್ತಾ?

ಆದರೂ ಈ ಕೇಸಿನಲ್ಲಿ ಅವನು ಮಾಡಿದ್ದು ತಪ್ಪು. ರಸ್ತೆಯಿಂದ ಪಕ್ಕಕ್ಕೆ ಎಳೆಯುವುದು ಬೇರೆ, ಕಿಲೋಮೀಟರ್‌ಗಟ್ಟಲೆ ಎಳೆಯುವುದು ಬೇರೆ. ಮೊದಲು ಪಕ್ಕಕ್ಕೆ ತಂದು, ಅಲ್ಲಿ ನಿಲ್ಲಿಸಿ ಹಿಂದಿನ ಚಕ್ರಕ್ಕೆ ಟ್ರಾಲಿ ಕೊಟ್ಟು ಹೊರಡಬೇಕಿತ್ತು. ಟ್ರಾಲಿ ಅವನ ಗಾಡಿಯಲ್ಲೇ ಇತ್ತು ಅಂತ ನೀವೇ ಬರೆದಿದ್ದೀರಿ. ಇಟ್ಟುಕೊಂಡೂ ಹಾಕಿಲ್ಲ ಅಂದರೆ ಅದು ಅಸಡ್ಡೆ.

ಮಲ್ನಾಡ್_ಮಳೆ
@ರಿಕವರಿ_ತುಮಕೂರು ನಿಮ್ಮ ಕಷ್ಟ ಒಪ್ಪುತ್ತೇನೆ ಅಣ್ಣಾ. ಆದರೆ ಕರೆಯದೆ ಬಂದು ಚೈನ್ ಹಾಕಿ ಆಮೇಲೆ ರೇಟು ಹೇಳುವವರ ಬಗ್ಗೆ ಏನಂತೀರಿ? ಶಿರಾಡಿ ಘಾಟಿಯಲ್ಲಿ ನಮ್ಮ ಚಿಕ್ಕಪ್ಪನ ಬೊಲೆರೊ ಚರಂಡಿಗೆ ಇಳಿದಾಗ ಹಾಗೇ ಆಯ್ತು. ಮೇಲೆತ್ತಿದ ಮೇಲೆ ಅವರು ಕೇಳಿದ ದುಡ್ಡಿಗೆ ಚಿಕ್ಕಪ್ಪ ಬೆಚ್ಚಿಬಿದ್ದರು. ಕೊಡದೆ ಗಾಡಿ ಬಿಡಲ್ಲ ಅಂದರು. ದೋಣಿಗಾಲ್ ಕೆಳಗೆ ಇಳಿದರೆ ಎಷ್ಟೋ ಕಡೆ ಫೋನ್ ಸಿಗ್ನಲ್ ಕೂಡ ಸಿಗಲ್ಲ. ಯಾರನ್ನು ಕೇಳೋದು?

ರಿಕವರಿ_ತುಮಕೂರು
ಅದು ಸುಲಿಗೆ. ಅಂಥವರಿಂದ ನಮಗೂ ಕೆಟ್ಟ ಹೆಸರು. ಕೊಕ್ಕೆ ಹಾಕುವ ಮುಂಚೆ ರೇಟು, ಎಲ್ಲಿಗೆ ಒಯ್ಯಬೇಕು, ಯಾವ ಥರದ ಗಾಡಿ, ಈ ಮೂರೂ ಮಾತಾಗಬೇಕು. ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿಸಿಕೊಳ್ಳಿ, ಸಾಕು. ಒಪ್ಪದಿದ್ದರೆ ಮುಟ್ಟಬೇಡ ಅನ್ನಿ. ಬೊಲೆರೊ ಹಿಂದಿನ ಚಕ್ರದ ಡ್ರೈವ್, ಅದನ್ನು ಮುಂದೆ ಎತ್ತಿ ದೂರ ಎಳೆಯುವ ಹಾಗಿದ್ದರೆ ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವುದು ಒಳ್ಳೆಯದು. ಹೇಳಿದ್ದರಾ?

ಮಲ್ನಾಡ್_ಮಳೆ
ಶಾಫ್ಟ್ ಎಲ್ಲಿ ಬಂತು. ಸಕಲೇಶಪುರದ ತನಕ ಹಾಗೇ ಎಳೆದರು.

ಚಾಮುಂಡಿ_ತಪ್ಪಲು
ಸರ್ಕಾರದ ಕಡೆಯಿಂದ ಏನೂ ವ್ಯವಸ್ಥೆ ಇಲ್ವಾ? ನಾನು ವಾರಕ್ಕೊಮ್ಮೆ ಮೈಸೂರಿಂದ ಬೆಂಗಳೂರಿಗೆ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋಗುತ್ತೇನೆ. ಬರುವಾಗ ರಾತ್ರಿ ಆಗುತ್ತದೆ. ಗೊತ್ತಿಲ್ಲದ ನಾಲ್ಕು ಜನ ಬಂದು ಕಾರಿಗೆ ಚೈನ್ ಹಾಕಿದರೆ ನಾನೇನು ಮಾಡಬೇಕು?

ಸರ್ವಿಸ್_ರೋಡ್
1033. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ. ಟೋಲ್ ಇರುವ ರಸ್ತೆಗಳಲ್ಲಿ ಪೆಟ್ರೋಲಿಂಗ್ ಗಾಡಿ, ಆಂಬುಲೆನ್ಸ್, ಕ್ರೇನ್ ಇಟ್ಟಿರುತ್ತಾರೆ. ಆ ಕ್ರೇನ್ ಗಾಡಿಯನ್ನು ರಸ್ತೆಯಿಂದ ತೆಗೆದು ಸುರಕ್ಷಿತ ಜಾಗಕ್ಕೆ ಬಿಡುತ್ತದೆ. ನಿಮ್ಮ ಊರಿನ ಶೋರೂಮಿನ ತನಕ ಒಯ್ಯುವುದು ಅವರ ಕೆಲಸವಲ್ಲ. ಅಲ್ಲಿಂದ ಮುಂದಕ್ಕೆ ನಿಮ್ಮ ಆರ್‌ಎಸ್‌ಎ (ರೋಡ್‌ಸೈಡ್ ಅಸಿಸ್ಟೆನ್ಸ್) ಫ್ಲಾಟ್‌ಬೆಡ್ ಕರೆಸಿ.

ಫೋನ್ ಮಾಡುವಾಗ ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ನಂಬರ್ ಮತ್ತು ಯಾವ ಕಡೆಗೆ ಹೋಗುತ್ತಿದ್ದಿರಿ ಅನ್ನೋದನ್ನು ಹೇಳಿ. ಮೈಸೂರು ರಸ್ತೆಯ ಮುಖ್ಯ ಲೇನಿಗೂ ಸರ್ವಿಸ್ ರೋಡಿಗೂ ನಡುವೆ ಬೇಲಿ ಇದೆ. ಮದ್ದೂರು ಹತ್ತಿರ ಇದ್ದೀನಿ ಅಂದರೆ ಅವರು ಯಾವ ಕಡೆಗೆ ಬರಬೇಕು?

ಒಬ್ಬರೇ ಇದ್ದರೆ 112ಕ್ಕೂ ಫೋನ್ ಮಾಡಿ. ಕಾರೊಳಗೆ ಕೂತು ಕಾಯಬೇಡಿ. ಗಾರ್ಡ್ ರೈಲ್ ಆಚೆಗೆ ಹೋಗಿ, ಗಾಡಿ ನಿಂತ ಜಾಗಕ್ಕಿಂತ ಸ್ವಲ್ಪ ಹಿಂದೆ, ಅಂದರೆ ವಾಹನಗಳು ಬರುವ ದಿಕ್ಕಿನ ಕಡೆ ನಿಂತುಕೊಳ್ಳಿ. ಯಾರಾದರೂ ಬಂದು ನಿಂತ ಕಾರಿಗೆ ಗುದ್ದಿದರೆ ಕಾರು ಮುಂದಕ್ಕೆ ಹೋಗುತ್ತದೆ, ನಿಮ್ಮ ಕಡೆಗಲ್ಲ.

ಚಾಮುಂಡಿ_ತಪ್ಪಲು
ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಥ್ಯಾಂಕ್ಸ್. ತ್ರಿಕೋನ ಎಷ್ಟು ದೂರ ಇಡಬೇಕು?

ಸರ್ವಿಸ್_ರೋಡ್
ಊರೊಳಗಾದರೆ ಹತ್ತಿರವೇ ಸಾಕು. ಹೈವೇನಲ್ಲಿ 50 ಮೀಟರ್‌ಗಿಂತ ಕಡಿಮೆ ಬೇಡ, ಸಾಧ್ಯವಾದರೆ ಇನ್ನೂ ದೂರ. ನೂರರಲ್ಲಿ ಬರುವ ಗಾಡಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್ ಓಡುತ್ತದೆ. ತಿರುವಿನ ಆಚೆ ನಿಂತಿದ್ದರೆ ತ್ರಿಕೋನ ತಿರುವಿನ ಈಚೆಗೇ ಬರಬೇಕು. ಇಡಲು ಹೋಗುವಾಗ ರಸ್ತೆ ಮೇಲೆ ನಡೆಯಬೇಡಿ, ಅಂಚಿನಲ್ಲಿ ಹೋಗಿ.

ಕುಡ್ಲ_ಕಡಲು
ಘಾಟಿಯಲ್ಲಿ ಮರದ ಟೊಂಗೆ ಇಡುವುದೇ ರೂಢಿ. ಲಾರಿಯವರಿಗೆ ಟೊಂಗೆ ಕಂಡರೆ ಥಟ್ಟನೆ ಅರ್ಥ ಆಗುತ್ತದೆ. ಆದರೆ ಹೋಗುವಾಗ ತೆಗೆದು ಹೋಗಬೇಕು. ಕಲ್ಲು ಇಟ್ಟು ಹಾಗೇ ಬಿಟ್ಟು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರಾತ್ರಿ ಬೈಕಿನವರ ಜೀವ ಹೋಗುತ್ತದೆ.

ಮಲ್ನಾಡ್_ಮಳೆ
ನಿಜ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಹತ್ತಿರ ಗುಡ್ಡ ಜರಿದಾಗ ರಸ್ತೆ ಮೇಲೆ ಏನಿದೆ ಅಂತಲೇ ಕಾಣುತ್ತಿರಲಿಲ್ಲ. ಮಳೆಗಾಲದಲ್ಲಿ ಶಿರಾಡಿ ಕಡೆ ರಾತ್ರಿ ಹೋಗದೇ ಇರುವುದೇ ವಾಸಿ.

ರಾಜಾಜಿನಗರ_ರೌಂಡ್ಸ್
ಟೋಯಿಂಗ್ ಅಂದ ತಕ್ಷಣ ನನಗೆ ಬೆಂಗಳೂರಿನ ನೋ ಪಾರ್ಕಿಂಗ್ ಟೋಯಿಂಗ್ ನೆನಪಾಗುತ್ತದೆ. ಬೈಕುಗಳನ್ನು ಎತ್ತಿ ಎಸೆಯುತ್ತಿದ್ದರು. ಜನ ಗಲಾಟೆ ಮಾಡಿದ ಮೇಲೆ 2022ರಲ್ಲಿ ನಿಲ್ಲಿಸಿದರು.

ಕೆಂಪುಗೂಡು
ಆಗ ಫುಟ್‌ಪಾತ್ ಮೇಲೆ ನಡೆಯೋಕಾದರೂ ಜಾಗ ಇತ್ತು. ಟೋಯಿಂಗ್ ನಿಂತ ಮೇಲೆ ಎಲ್ಲಾ ಕಡೆ ಕಾರೇ.

ರಾಜಾಜಿನಗರ_ರೌಂಡ್ಸ್
ಫುಟ್‌ಪಾತಿಗೆ ದಂಡ ಹಾಕಲಿ, ಯಾರು ಬೇಡ ಅಂದರು? ಹ್ಯಾಂಡಲ್ ಲಾಕ್ ಮುರಿಯುವುದು ಯಾವ ನ್ಯಾಯ?

ನಿರ್ವಾಹಕ
ಇದಕ್ಕೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಡಿಕ್ಕಿಯಾದ ಗಾಡಿಯ ವಿಷಯ ನಡೆಯಲಿ.

ಧಾರವಾಡ_ಗಾಳಿ
ಹಾಸನದ ಸರ್, ಒಂದು ವಿಷಯ ಕೇಳ್ತೀನ್ರಿ. ಪೊಲೀಸರಿಗೆ ತಿಳಿಸಿದ್ರಾ? ನಮ್ಮ ಕಡೆ ಒಬ್ಬರು ಗಾಡಿಯನ್ನು ಸೀದಾ ಗ್ಯಾರೇಜಿಗೆ ಒಯ್ದರು. ಎದುರಿನ ಬೈಕಿನವನು ಎರಡು ದಿನದ ಮೇಲೆ ಆಸ್ಪತ್ರೆ ಸೇರಿ ಕೇಸ್ ಕೊಟ್ಟ. ಗ್ಯಾರೇಜಿನಿಂದ ಗಾಡಿ ಠಾಣೆಗೆ ಬಂತು. ಅರ್ಧ ಬಿಚ್ಚಿದ ಗಾಡಿ ನೋಡ್ರಿ, ಮಹಜರು ಮಾಡೋಕೆ ಏನೂ ಉಳಿದಿರಲಿಲ್ಲ.

ಕೋರ್ಟ್_ಹಾಲ್
ಇದು ಬಹಳ ಮುಖ್ಯ. ಯಾರಿಗಾದರೂ ಪೆಟ್ಟಾಗಿದ್ದರೆ ಮೊದಲ ಕೆಲಸ ಅವರನ್ನು ಆಸ್ಪತ್ರೆಗೆ ಸೇರಿಸುವುದು. 108ಕ್ಕೆ ಫೋನ್ ಮಾಡಿ. ಮೋಟಾರು ವಾಹನ ಕಾಯ್ದೆ 1988ರ 134ನೇ ಸೆಕ್ಷನ್ ಪ್ರಕಾರ ಚಾಲಕ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಆದಷ್ಟು ಬೇಗ, ತಡ ಎಂದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು, ವಿಮೆ ಕಂಪನಿಗೂ ಬರೆದು ತಿಳಿಸಬೇಕು.

ಪೆಟ್ಟಾದ ಕೇಸಿನಲ್ಲಿ ಪೊಲೀಸರು ಹೇಳುವ ತನಕ ಗಾಡಿಯನ್ನು ಗ್ಯಾರೇಜಿಗೆ ಒಯ್ಯಬೇಡಿ. ಸ್ಪಾಟ್ ಮಹಜರು ಆಗಬೇಕು. ಆಮೇಲೆ ಆರ್‌ಟಿಒದ ಬ್ರೇಕ್ ಇನ್ಸ್‌ಪೆಕ್ಟರ್ ಬಂದು ಗಾಡಿ ನೋಡಿ ವರದಿ ಕೊಡಬೇಕು. ಡಿಕ್ಕಿಗೆ ಗಾಡಿಯ ದೋಷ ಕಾರಣವಾ ಅನ್ನೋದು ಅದರಲ್ಲಿ ಬರುತ್ತದೆ. 136ನೇ ಸೆಕ್ಷನ್ನಿನಲ್ಲಿ, ಗಾಡಿಯನ್ನು ಎಲ್ಲಿಗೆ ಒಯ್ದಿದ್ದಾರೆ ಅಂತ ಮಾಲೀಕರಿಗೆ ತಿಳಿಸಬೇಕು, ಪರಿಶೀಲನೆಯ ಕೆಲಸ ಮುಗಿದ ಮೇಲೆ 24 ಗಂಟೆಯೊಳಗೆ ವಾಪಸ್ ಕೊಡಬೇಕು ಅಂತ ಇದೆ. ಠಾಣೆಯ ಆವರಣದಲ್ಲಿ ಗಾಡಿ ತಿಂಗಳುಗಟ್ಟಲೆ ಕೊಳೆಯುತ್ತಿದ್ದರೆ ಈ ಮಾತು ಎತ್ತಿ.

ಟೋಯಿಂಗ್‌ನವನ ವಿಷಯಕ್ಕೆ ಬಂದರೆ, ದುಡ್ಡು ಕೊಟ್ಟು ಪಡೆದ ಸೇವೆ ಅದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಇದಕ್ಕೂ ಅನ್ವಯಿಸುತ್ತದೆ. ಮೊದಲು ಒಂದು ನೋಟಿಸ್ ಕಳಿಸಿ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಆನ್‌ಲೈನ್‌ನಲ್ಲೂ ದೂರು ಹಾಕಬಹುದು. ಸೇವೆಗೆ ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ರಸೀದಿ ಇದೆಯಾ?

ಹಾಸನ್_ಹೈವೇ
@ಧಾರವಾಡ_ಗಾಳಿ ಠಾಣೆಗೆ ತಿಳಿಸಿದ್ದಾರೆ, ಎರಡೂ ಕಡೆಯವರು ಬರೆದು ಕೊಟ್ಟಿದ್ದಾರೆ. @ಕೋರ್ಟ್_ಹಾಲ್ ರಸೀದಿ ಕೊಟ್ಟಿಲ್ಲ ಸರ್. ಫೋನ್‌ಪೇ ಮಾಡಿದ್ದಾರೆ. ವಿಡಿಯೋ ನೋಡಿದೆ. ಭಾವ 'ಹ್ಯಾಂಡ್ ಬ್ರೇಕ್ ಬಿದ್ದಿದೆ, ಎಳೀಬೇಡಿ' ಅನ್ನೋದು ಸರಿಯಾಗಿ ಕೇಳಿಸುತ್ತದೆ. ಕ್ರೇನಿನ ನಂಬರ್ ಪ್ಲೇಟೂ ಕಾಣುತ್ತದೆ.

ಕೋರ್ಟ್_ಹಾಲ್
ಪೇಮೆಂಟ್ ದಾಖಲೆ ರಸೀದಿಯಷ್ಟೇ ಒಳ್ಳೆಯದು. ಪ್ಲೇಟ್ ನಂಬರ್ ಇದ್ದರೆ ಮಾಲೀಕ ಯಾರು ಅಂತ ಸಿಗುತ್ತದೆ. ಧೈರ್ಯವಾಗಿರಿ.

ಟಾಪ್‌ಗೇರ್_ತಿಪಟೂರು
ನನಗೊಂದು ಡೌಟು. ಬ್ಯಾಟರಿ ಡೆಡ್, ಹ್ಯಾಂಡ್ ಬ್ರೇಕ್ ಬಟನ್‌ದು. ಆಗ ಇನ್ನೊಂದು ಗಾಡಿಯಿಂದ ಜಂಪ್ ಕೊಟ್ಟು ಬ್ರೇಕ್ ಬಿಡಿಸಬಹುದಲ್ವಾ?

ರಿಕವರಿ_ತುಮಕೂರು
ಹೌದು, ನಾವು ಪೋರ್ಟಬಲ್ ಜಂಪ್ ಸ್ಟಾರ್ಟರ್ ಇಟ್ಟಿರುತ್ತೇವೆ. ಕರೆಂಟ್ ಬಂದರೆ ಬ್ರೇಕ್ ಬಿಡುತ್ತದೆ, ಗೇರ್ ನ್ಯೂಟ್ರಲ್‌ಗೂ ಬರುತ್ತದೆ.

ಸ್ಪ್ಯಾನರ್_14
ಬ್ರೇಕ್‌ಡೌನ್ ಆದ ಗಾಡಿಗೆ ಸರಿ. ಡಿಕ್ಕಿಯಾದ ಗಾಡಿಗೆ ಯೋಚನೆ ಮಾಡಿ ಅಣ್ಣಾ. ಮುಂಭಾಗ ಜಜ್ಜಿದಾಗ ವೈರಿಂಗ್ ಎಲ್ಲಿ ಕತ್ತರಿಸಿದೆ ಅಂತ ಕಾಣುವುದಿಲ್ಲ. ಪೆಟ್ರೋಲ್ ವಾಸನೆ ಇದ್ದರೆ ಜಂಪ್ ಕೊಡಲೇಬೇಡಿ. ಒಂದು ಕಿಡಿ ಸಾಕು. ಏರ್‌ಬ್ಯಾಗ್ ಬಿಚ್ಚಿದ್ದರೆ ಬ್ಯಾಟರಿಯ ನೆಗೆಟಿವ್ ತೆಗೆದಿಡುವುದೇ ಕ್ಷೇಮ. ಅಂಥ ಕಡೆ ಚಕ್ರದ ಕೆಳಗೆ ಟ್ರಾಲಿ ಅಥವಾ ಜಾರುವ ಪ್ಲಾಸ್ಟಿಕ್ ಸ್ಕೇಟ್ ಕೊಟ್ಟು ವಿಂಚ್‌ನಲ್ಲಿ (ಹಗ್ಗ ಸುತ್ತಿ ಎಳೆಯುವ ಯಂತ್ರ) ಫ್ಲಾಟ್‌ಬೆಡ್ ಮೇಲೆ ಎಳೆದುಕೊಳ್ಳಬೇಕು.

ಹಳೇ ಥರದ ಆಟೋಮ್ಯಾಟಿಕ್ ಲಿವರ್ ಇರುವ ಕಾರಿನಲ್ಲಿ ಲಿವರ್ ಪಕ್ಕ ಒಂದು ಚಿಕ್ಕ ಮುಚ್ಚಳ ಇರುತ್ತದೆ. ಅದನ್ನು ತೆಗೆದು ಸ್ಕ್ರೂಡ್ರೈವರ್‌ನಿಂದ ಒತ್ತಿ ಹಿಡಿದರೆ ಬ್ಯಾಟರಿ ಇಲ್ಲದೆಯೂ ಪಾರ್ಕ್‌ನಿಂದ ನ್ಯೂಟ್ರಲ್‌ಗೆ ಬರುತ್ತದೆ. ನಿಮ್ಮ ಗಾಡಿಯಲ್ಲಿ ಎಲ್ಲಿದೆ ಅಂತ ಮ್ಯಾನುಯಲ್‌ನಲ್ಲಿ ಒಮ್ಮೆ ನೋಡಿಟ್ಟುಕೊಳ್ಳಿ.

ರಿಕವರಿ_ತುಮಕೂರು
ಒಪ್ಪಿದೆ. ಸ್ಕೇಟ್ ಎಲ್ಲರ ಹತ್ತಿರ ಇರಲ್ಲ. ಇರಬೇಕು.

ಇವಿ_ಮಂಡ್ಯ
ಎಲೆಕ್ಟ್ರಿಕ್ ಕಾರಿನವರು ಇದ್ದರೆ ಓದಿ. ನಮ್ಮ ಗಾಡಿಗಳಿಗೆ ಫ್ಲಾಟ್‌ಬೆಡ್ ಬಿಟ್ಟು ಬೇರೆ ದಾರಿ ಇಲ್ಲ. ನೆಕ್ಸಾನ್ ಇವಿ ಮುಂದಿನ ಚಕ್ರದ ಡ್ರೈವ್. ಮಹೀಂದ್ರಾ ಬಿಇ 6 ಹಿಂದಿನ ಚಕ್ರದ್ದು. ಯಾವುದೇ ಇರಲಿ, ಮೋಟಾರ್ ಇರುವ ಕಡೆಯ ಚಕ್ರ ನೆಲದ ಮೇಲೆ ತಿರುಗಿದರೆ ಮೋಟಾರು ಜನರೇಟರ್ ಆಗಿ ಕರೆಂಟ್ ತಯಾರಿಸುತ್ತದೆ. ಅದು ಕೆಟ್ಟ ವೈರಿಂಗ್‌ಗೆ ಹರಿದರೆ ಏನಾಗಬಹುದು ಯೋಚಿಸಿ. ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನ ಮುಂದಿನ ಚಕ್ರಕ್ಕೂ ಇದೇ ಮಾತು. ಹೆಸರು ಇನ್ನೋವಾ ಅಂತ ಇದ್ದರೂ ಅದು ಕ್ರಿಸ್ಟಾ ಥರ ಹಿಂದಿನ ಚಕ್ರದ ಗಾಡಿಯಲ್ಲ.

ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಹೊರಗೆ ಕಂಡರೆ ಮುಟ್ಟಬೇಡಿ, ಯಾರನ್ನೂ ಮುಟ್ಟಲು ಬಿಡಬೇಡಿ. ಕೆಳಗಡೆ ಬ್ಯಾಟರಿಗೆ ಪೆಟ್ಟಾಗಿದೆ ಅನ್ನಿಸಿದರೆ ಟೋಯಿಂಗ್‌ನವರಿಗೂ ಗ್ಯಾರೇಜಿನವರಿಗೂ ಹೇಳಲೇಬೇಕು. ಬ್ಯಾಟರಿ ಕೆಲವೊಮ್ಮೆ ಗಂಟೆಗಳ ಮೇಲೆ, ದಿನಗಳ ಮೇಲೆ ಹೊತ್ತಿಕೊಳ್ಳುತ್ತದೆ. ಅಂಥ ಗಾಡಿಯನ್ನು ಶೆಡ್ಡಿನೊಳಗೆ ಬೇರೆ ಕಾರುಗಳ ಮಧ್ಯೆ ನಿಲ್ಲಿಸಬಾರದು. ಬಯಲಿನಲ್ಲಿ, ಸುತ್ತ 15 ಮೀಟರ್ ಜಾಗ ಬಿಟ್ಟು ನಿಲ್ಲಿಸಿ.

ಕೆಂಪುಗೂಡು
ಸಿಎನ್‌ಜಿ?

ಸ್ಪ್ಯಾನರ್_14
ಸಿಲಿಂಡರ್ ವಾಲ್ವ್ ಕೈಯಲ್ಲಿ ತಿರುಗಿಸಿ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದಿಡಿ. ಸಿಎನ್‌ಜಿ ಗಾಳಿಗಿಂತ ಹಗುರ, ಮೇಲಕ್ಕೆ ಹೋಗಿಬಿಡುತ್ತದೆ. ಎಲ್‌ಪಿಜಿ ಭಾರ, ಕೆಳಗೆ ಚರಂಡಿಯಲ್ಲಿ ತುಂಬಿಕೊಂಡು ಕೂರುತ್ತದೆ. ಅದು ಜಾಸ್ತಿ ಅಪಾಯ. ಸೋರುವ ಶಬ್ದ ಕೇಳಿಸಿದರೆ ದೂರ ಹೋಗಿ ಫೈರ್‌ನವರನ್ನು ಕರೆಯಿರಿ.

ಬಯಲುಸೀಮೆ_ಬಸ್ಸು
ಇಷ್ಟೆಲ್ಲಾ ಯಾಕೆ? ಹಗ್ಗ ಕಟ್ಟಿ ಇನ್ನೊಂದು ಗಾಡಿಯಲ್ಲಿ ಎಳೆದರೆ ಆಯ್ತು. ನಮ್ಮಲ್ಲಿ ಟ್ರ್ಯಾಕ್ಟರ್ ಇದೆ, ಎಷ್ಟೋ ಸಲ ಎಳೆದಿದ್ದೀವಿ.

ಸರ್ವಿಸ್_ರೋಡ್
ಹೊಲದಲ್ಲಿ ಹೂತ ಗಾಡಿಗೆ ಸರಿ. ಡಿಕ್ಕಿಯಾಗಿ ಚಕ್ರ ಮಡಚಿದ ಗಾಡಿಗೆ ಬೇಡ. ಇಂಜಿನ್ ಆಫ್ ಇದ್ದರೆ ಬ್ರೇಕ್ ಎರಡು ಮೂರು ಸಲ ಒತ್ತಿದ ಮೇಲೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಬೂಸ್ಟರ್‌ನಲ್ಲಿ ವ್ಯಾಕ್ಯೂಮ್ ಖಾಲಿ. ಸ್ಟಿಯರಿಂಗ್ ತಿರುಗಿಸಲು ಎರಡು ಕೈ ಸಾಲದು. ಕೀ ತೆಗೆದಿದ್ದರೆ ಸ್ಟಿಯರಿಂಗ್ ಲಾಕೇ ಆಗುತ್ತದೆ. ಮುಂದಿನವನು ಬ್ರೇಕ್ ಹಾಕಿದರೆ ಹಿಂದಿನವನು ಹೋಗಿ ಗುದ್ದುತ್ತಾನೆ. ನಿಯಮದ ಪ್ರಕಾರವೂ ಎರಡು ಗಾಡಿಗಳ ನಡುವೆ ಐದು ಮೀಟರ್ ಮೀರಬಾರದು, ಹಿಂದಿನ ಗಾಡಿಯಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು. 20ರ ವೇಗ ದಾಟಲೇಬೇಡಿ.

ಬಯಲುಸೀಮೆ_ಬಸ್ಸು
ಚಕ್ರ ಮಡಚಿದ್ದಕ್ಕೆ ನಾನು ಹೇಳಿದ್ದಲ್ಲ. ಚಿಕ್ಕಪುಟ್ಟ ರಿಪೇರಿಗೆ ಅಂದೆ.

ದುಬೈ_ಕೊಡಗು
ಇಲ್ಲಿ ಪೊಲೀಸ್ ರಿಪೋರ್ಟ್ ಇಲ್ಲದೆ ಡಿಕ್ಕಿಯಾದ ಗಾಡಿಯನ್ನು ಯಾವ ಗ್ಯಾರೇಜೂ ರಿಪೇರಿ ಮಾಡುವುದಿಲ್ಲ. ಹಾಗಾಗಿ ರಿಕವರಿಯವರೂ ಮೊದಲು ಪೇಪರ್ ಕೇಳುತ್ತಾರೆ, ಗಾಡಿ ಫ್ಲಾಟ್‌ಬೆಡ್ ಮೇಲೆ ಹೋಗುತ್ತದೆ. ಅಲ್ಲಿ ನಮ್ಮ ಊರಿಗೆ ಬಂದಾಗ ಮಡಿಕೇರಿ ದಾರಿಯಲ್ಲಿ ಕ್ರೇನಿಗೆ ನೇತುಹಾಕಿಕೊಂಡು ಹೋಗುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಅರ್ಧಬೆಲೆ
ಟೋಯಿಂಗ್ ದುಡ್ಡು ವಿಮೆಯಲ್ಲಿ ಬರುತ್ತಾ? ನಮ್ಮ ಏಜೆಂಟು ಎಲ್ಲಾ ಬರುತ್ತೆ ಅಂತಾನೆ.

ವಿಮೆ_ವಿಚಾರ
ಹತ್ತಿರದ ರಿಪೇರಿ ಜಾಗಕ್ಕೆ ಒಯ್ಯುವ ಖರ್ಚಿಗೆ ಖಾಸಗಿ ಕಾರಿನ ಮಾಮೂಲಿ ಪಾಲಿಸಿಯಲ್ಲಿ ಒಂದು ಅಪಘಾತಕ್ಕೆ 1,500 ರೂಪಾಯಿ ಮಿತಿ. ಹಳೇ ಟ್ಯಾರಿಫ್ ಕಾಲದ ಮೊತ್ತ ಅದು. ಇವತ್ತು ಯಾವ ಫ್ಲಾಟ್‌ಬೆಡ್ ಆ ದುಡ್ಡಿಗೆ ಹೈವೇಗೆ ಬರುತ್ತದೆ? ಅದಕ್ಕೇ ಆರ್‌ಎಸ್‌ಎ ಬೇಕು ಅನ್ನೋದು. ಅದರಲ್ಲೂ ಮೂರು ಕೇಳಿ ತಿಳಿದುಕೊಳ್ಳಿ. ಬ್ರೇಕ್‌ಡೌನ್‌ಗೆ ಮಾತ್ರವಾ, ಅಪಘಾತಕ್ಕೂ ಇದೆಯಾ? ಎಷ್ಟು ಕಿಲೋಮೀಟರ್ ತನಕ ಉಚಿತ? ಚರಂಡಿಗೆ ಬಿದ್ದ ಗಾಡಿಯನ್ನು ಮೇಲೆತ್ತುವ ಕ್ರೇನ್ ಖರ್ಚು ಸೇರಿದೆಯಾ? ಕೊನೆಯದಕ್ಕೆ ಬಹಳ ಕಡೆ ಇಲ್ಲ ಅಂತಾರೆ.

ಹಾಸನದವರೇ, ನಿಮಗೆ ಇನ್ನೊಂದು ಮಾತು. ಹಿಂದಿನ ಚಕ್ರದ ಕ್ಲೇಮ್ ಕೊಡಲ್ಲ ಅಂದದ್ದನ್ನು ಬರೆದು ಕೊಡಿ ಅಂತ ಕಂಪನಿಗೆ ಇಮೇಲ್ ಮಾಡಿ. ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ಕೇಳುವ ಅಧಿಕಾರಿ) ಹತ್ತಿರ ಹೋಗಬಹುದು. ವಕೀಲರೂ ಬೇಡ, ಶುಲ್ಕವೂ ಇಲ್ಲ.

ಟಾಪ್‌ಗೇರ್_ತಿಪಟೂರು
ಅಷ್ಟು ಚಿಕ್ಕ ಮೊತ್ತಕ್ಕೆ ಒಂಬುಡ್ಸ್‌ಮನ್ ತನಕ ಯಾಕೆ ಸರ್?

ವಿಮೆ_ವಿಚಾರ
ಎಲೆಕ್ಟ್ರಿಕ್ ಹ್ಯಾಂಡ್ ಬ್ರೇಕಿನ ಎರಡು ಕ್ಯಾಲಿಪರ್ ಬೆಲೆ ಕೇಳಿ ನೋಡಿ. ಚಿಕ್ಕ ಮೊತ್ತ ಅಲ್ಲ. ಚಿಕ್ಕದಾದರೂ ಕೇಳಬೇಕು, ಪ್ರೀಮಿಯಂ ಕಟ್ಟಿದ್ದಾರೆ.

ಚಾಮುಂಡಿ_ತಪ್ಪಲು
ಫ್ಲಾಟ್‌ಬೆಡ್ ಮೇಲೆ ಹಾಕಿದರೆ ಮುಗಿಯಿತಾ, ಅಲ್ಲೂ ನೋಡಬೇಕಾದ್ದು ಇದೆಯಾ?

ರಿಕವರಿ_ತುಮಕೂರು
ಇದೆ ಮೇಡಂ. ಬೆಲ್ಟ್ ಚಕ್ರಕ್ಕೆ ಕಟ್ಟಬೇಕು, ನಾಲ್ಕೂ ಚಕ್ರಕ್ಕೆ. ಆರ್ಮ್‌ಗೆ, ಬಂಪರಿಗೆ ಕಟ್ಟಬಾರದು. ಬಾಡಿಗೆ ಕಟ್ಟಿ ಬಿಗಿದರೆ ಸಸ್ಪೆನ್ಷನ್ ಕುಣಿದಾಗ ಬೆಲ್ಟ್ ಸಡಿಲ ಆಗುತ್ತದೆ. ಮೇಲೆ ಎಳೆಯುವಾಗ ವಿಂಚ್ ಕೊಕ್ಕೆಯನ್ನು ಕಾರಿನ ಟೋ ಹುಕ್ಕಿಗೆ ಹಾಕಿ. ಅದು ಸ್ಟೆಪ್ನಿ ಜಾಗದಲ್ಲಿ ಜಾಕಿ ಜೊತೆ ಇರುತ್ತದೆ. ಬಂಪರಿನ ಚಿಕ್ಕ ಮುಚ್ಚಳ ತೆಗೆದರೆ ಅದನ್ನು ತಿರುಗಿಸಿ ಹಾಕುವ ಜಾಗ. ಮುಂಭಾಗ ಜಜ್ಜಿದ್ದರೆ ಹಿಂದಿನಿಂದ ಎಳೆದುಕೊಳ್ಳಬೇಕು. ಎಳೆಯುವಾಗ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ತುಂಡಾದರೆ ಚಾಟಿಯೇಟು.

ಹೊರಡುವ ಮುಂಚೆ ನಾಲ್ಕೂ ಕಡೆ ಫೋಟೋ, ಓಡೋಮೀಟರ್ ಫೋಟೋ, ನಮ್ಮ ಗಾಡಿಯ ನಂಬರ್ ಪ್ಲೇಟ್ ಫೋಟೋ. ತೆಗೆದರೆ ನಮಗೇನೂ ಬೇಜಾರಿಲ್ಲ. ಆರ್‌ಸಿ, ಬೆಲೆಬಾಳುವ ಸಾಮಾನು ತೆಗೆದುಕೊಂಡು ಹೋಗಿ. ಗಾಡಿಯೊಳಗೆ ಜನ ಕೂತು ಬರಬಾರದು. ಎಷ್ಟೋ ಜನ ಅಜ್ಜಿಯನ್ನು ಕೂರಿಸಿಕೊಂಡು ಬರ್ತೀವಿ ಅಂತ ಹಟ ಮಾಡುತ್ತಾರೆ. ಆಗಲ್ಲ ಅಂತ ಹೇಳಿಬಿಡುತ್ತೇನೆ.

ಕುಡ್ಲ_ಕಡಲು
ನನ್ನ ಸ್ಕೋಡಾದಲ್ಲಿ ಟೋ ಹುಕ್ ಎಷ್ಟು ತಿರುಗಿಸಿದರೂ ಕೂರುತ್ತಿಲ್ಲ.

ಸ್ಪ್ಯಾನರ್_14
ಅದು ಎಡಮರೆ. ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳಲ್ಲಿ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಪೂರ್ತಿ ಒಳಗೆ ಹೋಗಬೇಕು. ಅರ್ಧ ಕೂತ ಹುಕ್ಕಿಗೆ ವಿಂಚ್ ಹಾಕಿದರೆ ಕಿತ್ತುಕೊಂಡು ಬರುತ್ತದೆ.

ಕುಡ್ಲ_ಕಡಲು
ಕೂತಿತು! ಉಪಕಾರ ಆಯ್ತು.

ಹಾಸನ್_ಹೈವೇ
ಎಲ್ಲರಿಗೂ ತುಂಬಾ ಧನ್ಯವಾದ. ಪಾಲಿಸಿ ತೆಗೆದು ನೋಡಿದೆವು, ಸಾಗಣೆಯ ಸಾಲು ಇದೆ. ಅದನ್ನು ಸೇರಿಸಿ ವಿಡಿಯೋ ಸಮೇತ ಇಮೇಲ್ ಕಳಿಸಿದ್ದೀವಿ. ಕಂಪನಿಯವರು ಸೋಮವಾರ ಮತ್ತೆ ಸರ್ವೇಯರ್ ಕಳಿಸುತ್ತೇವೆ ಅಂದಿದ್ದಾರೆ. ಕ್ರೇನಿನವನಿಗೆ ನೋಟಿಸ್ ಕೂಡ ಹೋಗುತ್ತದೆ. ಸೋಮವಾರದ ಒಳಗೆ ಗ್ಯಾರೇಜಿನಲ್ಲಿ ಹಿಂದಿನ ಚಕ್ರ ಬಿಚ್ಚಿಸಿ ಇಡಲಾ?

ಸ್ಪ್ಯಾನರ್_14
ಬೇಡ ಬೇಡ. ಸರ್ವೇಯರ್ ಬರುವ ತನಕ ಒಂದು ನಟ್ಟನ್ನೂ ಬಿಚ್ಚಿಸಬೇಡಿ. ಅವರ ಎದುರಿಗೇ ಲಿಫ್ಟ್ ಮೇಲೆ ಹಾಕಿಸಿ. ಕೈಯಲ್ಲಿ ಚಕ್ರ ಅಲ್ಲಾಡಿಸಿ ಬೇರಿಂಗ್ ತೋರಿಸಿ, ಆಮೇಲೆ ಚಕ್ರ ತೆಗೆದು ಡಿಸ್ಕ್ ನೀಲಿಗಟ್ಟಿದೆಯಾ ತೋರಿಸಿ. ಚಕ್ರ ಪೂರ್ತಿ ಲಾಕ್ ಆಗದೆ ಬ್ರೇಕ್ ಹಿಡಿದುಕೊಂಡೇ ತಿರುಗಿದ್ದರೆ ಡಿಸ್ಕ್ ಕಾದು ಬಣ್ಣ ಬದಲಾಗಿರುತ್ತದೆ, ಅದು ಎಳೆದಾಗ ಆದದ್ದು ಅಂತ ತೋರಿಸಬಹುದು. ಬಲಗಡೆ ಲೋವರ್ ಆರ್ಮ್ ಮೇಲೆ ಚೈನಿನ ಗುರುತು ಇದ್ದರೆ ಅದನ್ನೂ ಫೋಟೋ ತೆಗೆಸಿ. ಡಿಕ್ಕಿ ಎಡಗಡೆ, ಗುರುತು ಬಲಗಡೆ ಅಂದರೆ ಅವರಿಗೂ ಹೇಳಲು ಏನೂ ಉಳಿಯುವುದಿಲ್ಲ. ಹಳೇ ಟೈರುಗಳನ್ನು ಗ್ಯಾರೇಜಿನವರು ಗುಜರಿಗೆ ಹಾಕದ ಹಾಗೆ ಇವತ್ತೇ ಹೇಳಿಬಿಡಿ.